ಕನ್ಫರ್ಮೇಶನ್ ತರಗತಿಯಲ್ಲಿ ಮೊಬೈಲ್ ಪಾಠ: ನನ್ನ ಅನುಭವ

ಧಾರವಾಡ ಸೀಮೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಕನ್ಫರ್ಮೇಶನ್ ತರಗತಿ ನಡೆಸುತ್ತಿದ್ದೇನೆ. ಯೇಸುವಿನ ಕಡೆಯ ಊಟವನ್ನು ನೆನೆಯುವ ಕರ್ತನ ಭೋಜನದಲ್ಲಿ ಪಾಲುಗೊಳ್ಳುವ ಮುನ್ನ 14ರಿಂದ 17ರ ವಯಸ್ಸಿನ ಮಕ್ಕಳು ದಶಾಜ್ಞೆ, ವಿಶ್ವಾಸಪ್ರಮಾಣ ಮತ್ತು ಕರ್ತನ ಪ್ರಾರ್ಥನೆಯ ಅರ್ಥವನ್ನು ಕಲಿಯುವ ತರಗತಿ ಇದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ, ಅದುವರೆಗೆ ಅಪ್ಪನ ಕಿಸೆಯಲ್ಲಿದ್ದ ಮೊಬೈಲ್ ಮಕ್ಕಳ ಕೈಗೆ ಬಂತು. ಶಾಲೆ ಮತ್ತೆ ತೆರೆದ ಮೇಲೂ ಅದು ಅಪ್ಪನ ಕಿಸೆಗೆ ಹಿಂದಿರುಗಲಿಲ್ಲ. ಅಂದಿನಿಂದ ದಶಾಜ್ಞೆಯ ಯಾವ ಆಜ್ಞೆಯನ್ನು ವಿವರಿಸಲು ಹೊರಟರೂ ಮಾತು ಮೊಬೈಲಿನ ಬಳಿಗೇ ಬಂದು ನಿಲ್ಲತೊಡಗಿದ್ದರಿಂದ, ಅದನ್ನೇ ಒಂದು ಪಾಠವಾಗಿ ಸೇರಿಸಿದೆ. ಅದನ್ನು ನಡೆಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲ್ ಎಂದರೆ ಸೈತಾನನ ಆಯುಧ ಎಂದು ಪ್ರಸಂಗಪೀಠದಿಂದ ಕೇಳಿಬರುವ ಮಾತನ್ನು ನಾನು ತರಗತಿಯಲ್ಲಿ ಆಡುವುದಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರಿಂದಲೇ ನಮ್ಮ ಸಭೆಗಳು ಹುಟ್ಟಿದವು. ತಮ್ಮ ಕಾಲದ ಹೊಸ ಸಾಧನವನ್ನು ಹಿಂಜರಿಯದೆ ಕೈಗೆತ್ತಿಕೊಂಡವರ ಮಕ್ಕಳು ನಾವು. ಅಲ್ಲದೆ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತ ಕನ್ನಡ ಅಕ್ಷರಗಳಲ್ಲಿ ತಡವರಿಸುವ ನಮ್ಮ ಎಷ್ಟೋ ಮಕ್ಕಳು ಇಂದು ಕನ್ನಡ ಸತ್ಯವೇದವನ್ನು (ಬೈಬಲನ್ನು) ಕೇಳುವುದೇ ಮೊಬೈಲಿನ ಧ್ವನಿಮುದ್ರಿಕೆಯಲ್ಲಿ. ಸಾಧನವನ್ನೇ ಪಾಪವೆಂದು ಬೈದರೆ ಮಕ್ಕಳು ಅದನ್ನು ಬಿಡುವುದಿಲ್ಲ, ಬಚ್ಚಿಡುತ್ತಾರೆ. ನನ್ನ ಇಡೀ ಪಾಠ ನಿಂತಿರುವುದು ಈ ಬಚ್ಚಿಡುವಿಕೆಯನ್ನು ತಪ್ಪಿಸುವುದರ ಮೇಲೆ. ಮಗು ಮೊಬೈಲಿನಲ್ಲಿ ಕಳೆಯುವ ಗಂಟೆಗಳಿಗಿಂತ ಅದರಲ್ಲಿ ಅದು ಕಾಪಾಡಿಕೊಳ್ಳುವ ಗುಟ್ಟು ಹೆಚ್ಚು ಅಪಾಯಕಾರಿ ಎಂಬುದು ನಾನು ಕಂಡುಕೊಂಡ ಸಂಗತಿ.

ಆದರೂ ಪಾಠವನ್ನು ಗಂಟೆಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸುಲಭ. ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬ ಭಾಗವಿದೆ, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಇದೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದೆವು, ಎಷ್ಟು ನೋಟಿಫಿಕೇಶನ್ ಬಂದವು, ದಿನಕ್ಕೆ ಎಷ್ಟು ಸಾರಿ ಮೊಬೈಲ್ ಕೈಗೆತ್ತಿಕೊಂಡೆವು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಒಂದು ವಾರದ ಲೆಕ್ಕವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಯಾರೂ ಗಟ್ಟಿಯಾಗಿ ಓದಬೇಕಾಗಿಲ್ಲ. ಅದೇ ವಾರ ತಂದೆತಾಯಿಗಳೂ ನಾನೂ ಹಾಗೆಯೇ ಬರೆಯುತ್ತೇವೆ. ಗಂಟೆಗಳ ಮೊತ್ತ ಮಕ್ಕಳನ್ನು ಅಷ್ಟಾಗಿ ಬೆಚ್ಚಿಬೀಳಿಸುವುದಿಲ್ಲ, ಅದನ್ನು ಅವರು ಮೊದಲೇ ಊಹಿಸಿರುತ್ತಾರೆ. ಮೊಬೈಲ್ ತೆರೆದ ಸಲಗಳ ಸಂಖ್ಯೆಯನ್ನು ಕಂಡಾಗ ಮಾತ್ರ ತರಗತಿ ಸುಮ್ಮನಾಗುತ್ತದೆ, ಏಕೆಂದರೆ ಅವುಗಳಲ್ಲಿ ಬಹುಪಾಲು ಯಾವ ಕೆಲಸಕ್ಕೂ ತೆರೆದದ್ದಲ್ಲ.

ಆ ಲೆಕ್ಕವನ್ನು ಮುಂದಿಟ್ಟುಕೊಂಡು 1 ಕೊರಿಂಥ 6ನೆಯ ಅಧ್ಯಾಯದ 12ನೆಯ ವಚನವನ್ನು ಓದುತ್ತೇವೆ. ಏನು ಬೇಕಾದರೂ ಮಾಡುವ ಸ್ವಾತಂತ್ರ್ಯ ನಮಗುಂಟು ಎಂದು ಹೇಳಿಕೊಳ್ಳುತ್ತಿದ್ದ ಕೊರಿಂಥದವರಿಗೆ ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಎರಡು ಪ್ರಶ್ನೆಗಳನ್ನು ಇಡುತ್ತಾನೆ: ಅದು ಹಿತಕರವೋ, ಮತ್ತು ಅದು ನಿಮ್ಮ ಮೇಲೆ ಅಧಿಕಾರ ನಡೆಸುತ್ತಿಲ್ಲವೋ. ಎರಡನೆಯ ಪ್ರಶ್ನೆಯೇ ನಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ರೀಲ್ಸ್ ನೋಡುವುದು ಪಾಪವೋ ಅಲ್ಲವೋ ಎಂದು ವಾದಕ್ಕೆ ನಿಂತರೆ ಸಂಜೆಯವರೆಗೂ ಮುಗಿಯುವುದಿಲ್ಲ; ಬೇಕೆಂದಾಗ ನಿಲ್ಲಿಸಬಲ್ಲೆಯಾ ಎಂದು ಕೇಳಿದರೆ ಮಕ್ಕಳು ತಾವೇ ಉತ್ತರ ಕೊಡುತ್ತಾರೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಧಾರಾವಾಹಿಗೂ ಅಂದಿನ ಕಂತು ಮುಗಿಯುವ ಹೊತ್ತಿದೆ, ಆದರೆ ಬೆರಳಾಡಿಸಿದಷ್ಟೂ ಬರುತ್ತಲೇ ಇರುವ ವಿಡಿಯೊಗಳಿಗೆ ಅಂಚೇ ಇರದಂತೆ ಅವನ್ನು ರೂಪಿಸಲಾಗಿದೆ ಎಂದು ವಿವರಿಸುತ್ತೇನೆ. ತಮ್ಮದು ಬರಿಯ ಸೋಮಾರಿತನವಲ್ಲ, ತಮ್ಮ ಗಮನವನ್ನು ಮಾರಿ ಹಣ ಮಾಡುವ ಒಂದು ವ್ಯವಸ್ಥೆ ಎದುರಿಗಿದೆ ಎಂದು ತಿಳಿದಾಗ ಹದಿಹರೆಯದವರಿಗೆ ಅಪರಾಧಿಭಾವಕ್ಕಿಂತ ರೋಷ ಬರುತ್ತದೆ. ಆ ರೋಷ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಂಚಿಲ್ಲದ್ದಕ್ಕೆ ನಾವೇ ಅಂಚು ಕಟ್ಟುವುದು ಮುಂದಿನ ಕೆಲಸ. ಕರೆ ಮತ್ತು ಮನೆಯವರ ಸಂದೇಶಗಳನ್ನು ಬಿಟ್ಟು ಉಳಿದ ನೋಟಿಫಿಕೇಶನ್‌ಗಳನ್ನು ತರಗತಿಯಲ್ಲೇ ಕುಳಿತು ಆಫ್ ಮಾಡುತ್ತೇವೆ, ಒಂದೊಂದು ಆ್ಯಪ್‌ಗೂ ಮಕ್ಕಳೇ ನಿರ್ಧರಿಸಿದಷ್ಟು ಟೈಮರ್ ಹಾಕುತ್ತೇವೆ. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗೆ, ಪಡಸಾಲೆಯಲ್ಲಿ ಚಾರ್ಜಿಗೆ ಹಾಕುವ ಪದ್ಧತಿ. ಬೆಳಿಗ್ಗೆ ಏಳಲು ಅಲಾರಂ ಬೇಕಲ್ಲ ಎಂಬ ಆಕ್ಷೇಪ ಎಲ್ಲ ಮನೆಗಳಿಂದಲೂ ಬಂದದ್ದರಿಂದ, ಯುವಜನ ಸಂಘದ ಹಣದಲ್ಲಿ ಸಾದಾ ಅಲಾರಂ ಗಡಿಯಾರಗಳನ್ನು ತಂದು ಹಂಚಿದೆವು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದನೆಂದು ಮಾರ್ಕನು ಬರೆದಿದ್ದಾನೆ; ನಮ್ಮ ಮಕ್ಕಳಿಂದ ಅಷ್ಟನ್ನು ನಿರೀಕ್ಷಿಸದೆ, ಮೊಬೈಲ್ ಮುಟ್ಟುವ ಮೊದಲು ಅಚ್ಚಿನ ಸತ್ಯವೇದದಿಂದ ಒಂದು ಕೀರ್ತನೆಯನ್ನು ಓದಿದರೆ ಸಾಕೆಂದು ಹೇಳಿದೆ.

ಈಗ ಗುಟ್ಟಿನ ವಿಷಯ. ಅಪರಿಚಿತರೊಬ್ಬರು ಇನ್‌ಸ್ಟಾಗ್ರಾಂನಲ್ಲಿ ಗೆಳೆತನ ಬೆಳೆಸಿ, ಸಲುಗೆಯ ಮಾತಾಡಿ, ಚಿತ್ರ ತರಿಸಿಕೊಂಡು, ಮರುಗಳಿಗೆಗೆ ಹಣ ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇನೆಂದು ಬೆದರಿಸುವ ವಂಚನೆ ಇಂದು ಹುಡುಗರನ್ನೂ ಹುಡುಗಿಯರನ್ನೂ ಬಿಟ್ಟಿಲ್ಲ. ಇಂಥ ಸಂದರ್ಭದಲ್ಲಿ ಮನೆಯಲ್ಲಿ ಏಕೆ ಹೇಳುವುದಿಲ್ಲ ಎಂದು ತರಗತಿಯಲ್ಲಿ ಕೇಳಿದಾಗ ಬಂದ ಉತ್ತರ ಒಂದೇ: “ಹೇಳಿದ್ರ ಮೊದಲ ಮೊಬೈಲ್ ಕಸಗೋತಾರ್ರಿ ಸರ್.” ಬೆದರಿಸುವವನ ಕೈಗೆ ಬಲ ಕೊಡುವುದು ಈ ಭಯವೇ. ಆದ್ದರಿಂದ ತಂದೆತಾಯಿಗಳ ಸಭೆ ಕರೆದು ಅವರಿಂದ ಒಂದು ಮಾತು ಪಡೆದೆ: ಮಗು ತಾನಾಗಿ ಬಂದು ಹೇಳಿಕೊಂಡ ಯಾವ ಸಂಗತಿಗೂ ಅಂದು ಬೈಗುಳವಿಲ್ಲ, ಹೊಡೆತವಿಲ್ಲ, ಮೊಬೈಲ್ ಕಸಿಯುವುದೂ ಇಲ್ಲ. ಇದಕ್ಕೆ ಕೆಲವು ತಂದೆಯರು ಸುಲಭವಾಗಿ ಒಪ್ಪಲಿಲ್ಲ; ಶಿಕ್ಷೆಯಿಲ್ಲದೆ ಶಿಸ್ತು ಎಲ್ಲಿಂದ ಬರುತ್ತದೆ ಎಂದು ಮಗನನ್ನು ಬೆತ್ತದಿಂದ ತಿದ್ದಬೇಕೆನ್ನುವ ಸತ್ಯವೇದದ ಜ್ಞಾನೋಕ್ತಿಯ ವಚನವನ್ನೇ ಎತ್ತಿದರು. ಮಕ್ಕಳಿಗೆ ಕೋಪವೆಬ್ಬಿಸಬೇಡಿರೆಂದು ಎಫೆಸದವರಿಗೆ ಬರೆದ ಪತ್ರದಲ್ಲಿ ತಂದೆಗಳಿಗೇ ಹೇಳಿರುವ ಮಾತನ್ನು ನಾನು ಓದಿದೆ. ಆಸ್ತಿ ಹಾಳುಮಾಡಿ ಮರಳಿದ ದುಂದುಗಾರ ಮಗನನ್ನು ಅಪ್ಪಿಕೊಳ್ಳುವ ಬದಲು ಅವನ ತಂದೆ ದಾರಿಯಲ್ಲೇ ಲೆಕ್ಕ ಕೇಳಿದ್ದರೆ ಯೇಸು ಹೇಳಿದ ಆ ಸಾಮ್ಯಕಥೆಯೇ ಬೇರೆಯಾಗುತ್ತಿತ್ತು ಎಂದು ಹಿರಿಯ ತಾಯಿಯೊಬ್ಬರು ಅಂದದ್ದು ನನ್ನ ಓದಿಗಿಂತ ಹೆಚ್ಚು ಪರಿಣಾಮ ಮಾಡಿತು.

ಹೇಳಿಕೊಂಡ ಮೇಲೆ ಮಾಡಬೇಕಾದದ್ದನ್ನು ಕೂಡ ಸ್ಪಷ್ಟವಾಗಿ ಕಲಿಸುತ್ತೇನೆ. ಹಣ ಕೊಡಬಾರದು, ಒಮ್ಮೆ ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಬೆದರಿಕೆಯ ಚಾಟ್ ಅಳಿಸಬಾರದು. ಸಂದೇಶ ಮತ್ತು ಪ್ರೊಫೈಲಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಂತರ ಬ್ಲಾಕ್ ಮಾಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು; ಮಕ್ಕಳ ಸಹಾಯವಾಣಿ 1098 ಇದೆ. 18 ವರ್ಷದೊಳಗಿನವರ ಚಿತ್ರ ಹರಡುವುದನ್ನು ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಚಿತ್ರವನ್ನು ಪಡೆಯದೆ ಅದರ ಡಿಜಿಟಲ್ ಗುರುತನ್ನು ಮಾತ್ರ ಪಡೆದು, ತನ್ನೊಂದಿಗೆ ಸೇರಿರುವ ಜಾಲತಾಣಗಳಿಗೆ ತಿಳಿಸುತ್ತದೆ. ಆ ಚಿತ್ರವನ್ನು ಸಾಕ್ಷಿಗೆಂದು ನನಗೂ ಕಳಿಸಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಅಪ್ರಾಪ್ತರ ಅಶ್ಲೀಲ ಚಿತ್ರವನ್ನು ಕಳಿಸುವುದೂ ಸಂಗ್ರಹಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಗೆಳೆಯರೊಳಗಿನ ತಮಾಷೆಯೆಂದು ಹಂಚಿಕೊಂಡರೂ ಅದು ಅಪರಾಧವೇ.

ಇಲ್ಲಿ ಸಭೆಗಳು ಎದುರಿಸಲು ಹಿಂಜರಿಯುವ ಒಂದು ಮಾತಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ಯಾರಿಗೇ ತಿಳಿದರೂ ಅದನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಕಡ್ಡಾಯ. ಸಭೆಯ ಮಾನ, ಮನೆತನದ ಹೆಸರು, ಹುಡುಗಿಯ ಮದುವೆ ಎಂಬ ಯಾವ ಕಾರಣಕ್ಕೂ ಸಭಾಪಾಲಕರಾಗಲಿ ಪಾಠ ಹೇಳುವವರಾಗಲಿ ಅದನ್ನು ಒಳಗೊಳಗೇ ಮುಗಿಸುವಂತಿಲ್ಲ. ಆದ್ದರಿಂದ, ನೀವು ಹೇಳಿದ್ದನ್ನು ಹಗುರವಾಗಿ ಯಾರ ಮುಂದೆಯೂ ಆಡುವುದಿಲ್ಲ, ಆದರೆ ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಭಾಷೆ ಕೊಡಲಾರೆ ಎಂದು ಮೊದಲ ದಿನವೇ ಮಕ್ಕಳಿಗೆ ತಿಳಿಸುತ್ತೇನೆ. ಇದನ್ನು ಕೇಳಿ ಅವರು ದೂರ ಸರಿಯುತ್ತಾರೆಂದು ಹಲವರು ಎಚ್ಚರಿಸಿದ್ದರು; ಹಾಗೇನೂ ಆಗಲಿಲ್ಲ.

ಅಶ್ಲೀಲ ವಿಡಿಯೊಗಳ ಮಾತನ್ನು ಹುಡುಗರೊಡನೆ ನಾನೂ ಹುಡುಗಿಯರೊಡನೆ ಮಹಿಳಾ ಸಂಘದ ಹಿರಿಯರೊಬ್ಬರೂ ಬೇರೆ ಬೇರೆಯಾಗಿ ಆಡುತ್ತೇವೆ. ಪರ್ವತ ಪ್ರಸಂಗದಲ್ಲಿ, ಕಾಮದಿಂದ ನೋಡುವ ಕಣ್ಣಿನ ಬಗ್ಗೆ ಯೇಸು ಹೇಳಿದ್ದು ಕಠಿಣವಾದ ಮಾತು, ಅದನ್ನು ನಾನು ತೆಳುಮಾಡುವುದಿಲ್ಲ. ಆದರೆ ತಪ್ಪಿನಲ್ಲಿ ಸಿಕ್ಕಿದವನನ್ನು ಶಾಂತಭಾವದಿಂದ ತಿದ್ದಿ ಸರಿಮಾಡಿರಿ ಎಂದು ಗಲಾತ್ಯದವರಿಗೆ ಹೇಳಿದ ಮಾತೂ ಅದೇ ಸತ್ಯವೇದದಲ್ಲಿದೆ. ತಾನೊಬ್ಬನೇ ಹೀಗೆ ಎಂಬ ನಾಚಿಕೆಯೇ ಹುಡುಗನನ್ನು ಮತ್ತೆ ಅದೇ ಕತ್ತಲಿಗೆ ತಳ್ಳುವುದನ್ನು ಕಂಡಿದ್ದೇನೆ. ಒಬ್ಬರಿಗೊಬ್ಬರು ಅರಿಕೆಮಾಡಿ ಪ್ರಾರ್ಥಿಸಿರಿ ಎಂಬ ಯಾಕೋಬನ ಮಾತಿನಂತೆ, ನಂಬುವ ಒಬ್ಬ ಹಿರಿಯನ ಬಳಿ ವಾರಕ್ಕೊಮ್ಮೆ ನಿಜ ಹೇಳುವ ಅಭ್ಯಾಸವನ್ನು ಇಷ್ಟವಿದ್ದವರಿಗೆ ಮಾಡಿಸುತ್ತೇವೆ. ಆ ಹಿರಿಯನು ಯಾರೆಂಬುದು ಪೋಷಕರಿಗೆ ತಿಳಿದಿರುತ್ತದೆ.

ಮಾತಿನ ಪಾಪಗಳಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ. ಗೆಳತಿಯೊಬ್ಬಳನ್ನು ಗುರಿಯಿಟ್ಟು ಸ್ಟೇಟಸ್ ಹಾಕುವುದು, ಒಬ್ಬರನ್ನು ಬಿಟ್ಟು ಮತ್ತೊಂದು ಗ್ರೂಪ್ ಮಾಡುವುದು, ಫೋಟೊ ತಿರುಚಿ ನಗುವುದು ಎಲ್ಲರಿಗೂ ಗೊತ್ತಿರುವಂಥವೇ. ನಿನ್ನ ಸಹೋದರನು ತಪ್ಪುಮಾಡಿದರೆ ಹೋಗಿ ಅವನೊಬ್ಬನಿಗೇ ಹೇಳು ಎಂಬ ಮತ್ತಾಯ 18ರ ಕ್ರಮವನ್ನು ನಾವು ನಿಯಮವಾಗಿಸಿಕೊಂಡೆವು: ಮುಖಾಮುಖಿ ಆಡದ ಸಿಟ್ಟನ್ನು ಸ್ಟೇಟಸ್‌ನಲ್ಲಿ ಆಡಬಾರದು. ಸುಳ್ಳುಸಾಕ್ಷಿಯ ಆಜ್ಞೆಯನ್ನು ವಿವರಿಸುವಾಗ ಮಾತ್ರ ಮಕ್ಕಳೇ ನನಗೆ ಪಾಠ ಹೇಳಿದರು, ಏಕೆಂದರೆ ಪರಿಶೀಲಿಸದ ಅದ್ಭುತಗಳನ್ನೂ ಅನ್ಯಧರ್ಮೀಯರ ಬಗೆಗಿನ ವದಂತಿಗಳನ್ನೂ ಫಾರ್ವರ್ಡ್ ಮಾಡುವವರು ಬಹುಪಾಲು ನಮ್ಮ ವಯಸ್ಸಿನವರೇ.

ಲೆಂಟ್ ಕಾಲದಲ್ಲಿ, ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಭಾನುವಾರಗಳನ್ನು ಬಿಟ್ಟು 40 ದಿನ, ರೀಲ್ಸ್ ಮತ್ತು ಆಟಗಳಿಗೆ ಉಪವಾಸ ಮಾಡುವುದು ಮಕ್ಕಳೇ ತಂದ ಸಲಹೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುವುದರಿಂದ ತಾಯಂದಿರಿಗೆ ಇದು ಬಹಳ ಹಿಡಿಸಿತು. ಅವರ ಭಕ್ತಿಯಲ್ಲಿ ಅಂಕಗಳ ಪಾಲು ಎಷ್ಟಿತ್ತೆಂದು ನಾನು ಕೇಳಲಿಲ್ಲ. ಯೆಶಾಯ 58ನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸವೆಂದರೆ ನೊಂದವರ ಹೊರೆ ಇಳಿಸುವುದು ಎಂದಿರುವುದರಿಂದ, ಉಳಿದ ಹೊತ್ತಿಗೆ ಕೆಲಸವೊಂದು ಬೇಕಿತ್ತು. ಮಕ್ಕಳು ಸಭೆಯ ಒಂಟಿ ಹಿರಿಯರ ಮನೆಗಳಿಗೆ ಹೋಗಿ, ಯು.ಪಿ.ಐ.ಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯವಿಲ್ಲವೆಂದೂ, ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದೂ, ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಬಂದರೆ ಕಡಿದುಹಾಕಬೇಕೆಂದೂ ತಿಳಿಸಿಕೊಟ್ಟರು. ಬೈಗುಳ ಕೇಳುತ್ತಿದ್ದ ಅದೇ ಮೊಬೈಲ್ ಜ್ಞಾನಕ್ಕೆ ಹಿರಿಯರಿಂದ ಚಹಾ ಚುರುಮುರಿಯ ಸತ್ಕಾರ ಸಿಕ್ಕಿದ್ದು ಹುಡುಗರಿಗೆ ಹೊಸ ಅನುಭವ.

ಪಾಠದ ಕೊನೆಗೆ ಪ್ರತಿಯೊಂದು ಮನೆಯೂ ಒಂದು ಹಾಳೆಯ ಒಪ್ಪಂದ ಬರೆದುಕೊಳ್ಳುತ್ತದೆ: ರಾತ್ರಿ ಮೊಬೈಲ್ ಎಲ್ಲಿರಬೇಕು, ಯಾವ ಆ್ಯಪ್‌ಗೆ ಎಷ್ಟು ಹೊತ್ತು, ತೊಂದರೆಯಾದರೆ ಯಾರಿಗೆ ಹೇಳಬೇಕು. ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆಯಬೇಕು, ಏಕೆಂದರೆ 14ರ ನಿಯಮ 17ಕ್ಕೆ ಹೊಂದುವುದಿಲ್ಲ. ತಂದೆತಾಯಿಗಳಿಗೆ ಮಕ್ಕಳು ಹಾಕುವ ಒಂದು ನಿಯಮಕ್ಕೆಂದು ಆ ಹಾಳೆಯಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ. ಹೆಚ್ಚಿನವರು ಅಲ್ಲಿ ಬರೆದದ್ದು ಊಟದ ಹೊತ್ತಿನಲ್ಲೂ ಮನೆಯ ಪ್ರಾರ್ಥನೆಯಲ್ಲೂ ಅಪ್ಪ ಮೊಬೈಲ್ ನೋಡಬಾರದು ಎಂದು. ಅಂಗಡಿ ಇರುವ ತಂದೆಯೊಬ್ಬರು ಆರ್ಡರ್‌ಗಳು ಬರುವುದೇ ಆ ಹೊತ್ತಿಗೆ ಎಂದು ಸಹಿ ಹಾಕಲು ಹಿಂಜರಿದರು. ಮಗಳೊಡನೆ ಚೌಕಾಸಿ ಮಾಡಿ ಎಂಟೂವರೆಯಿಂದ ಒಂಬತ್ತರವರೆಗೆ ಎಂದು ಬರೆಸಿ, ಸಹಿ ಹಾಕಿ ಹೋದರು.