ಪಿಸಿಒಎಸ್: ರಕ್ತ ಹೆಪ್ಪುಗಟ್ಟುವಿಕೆಯ ವರದಿಯನ್ನು ತೂಕದೊಂದಿಗೆ ಓದುವ ಕ್ರಮ

ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರು ಡಿ-ಡೈಮರ್ (ಹೆಪ್ಪು ಕರಗಿದಾಗ ಉಳಿಯುವ ಪ್ರೋಟೀನಿನ ತುಣುಕು) ಅಥವಾ ಫೈಬ್ರಿನೊಜೆನ್ (ಹೆಪ್ಪು ಕಟ್ಟಲು ಬೇಕಾದ ಪ್ರೋಟೀನು) ವರದಿಯಲ್ಲಿ ದಪ್ಪಕ್ಷರದ ಅಂಕಿಯೊಂದನ್ನು ಕಂಡೊಡನೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿಬಿಡುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಪಿಸಿಒಎಸ್ ಪತ್ತೆಗೆ ಈ ಪರೀಕ್ಷೆಗಳ ಅಗತ್ಯವಿಲ್ಲ. ನಿರ್ದಿಷ್ಟ ಕಾರಣಕ್ಕಾಗಿ ವೈದ್ಯರು ಬರೆದುಕೊಟ್ಟಾಗ ಮಾತ್ರ ಮಾಡಿಸಬೇಕು. ಇಡೀ ದೇಹದ ತಪಾಸಣೆ ಎಂಬ ಪ್ಯಾಕೇಜುಗಳಲ್ಲಿ ಸೇರಿ ಬರುವ ಡಿ-ಡೈಮರ್ ಹಣ ಕಳೆದು ಭಯ ಕೊಳ್ಳುವ ವ್ಯವಹಾರ.

ಮೊದಲ ಹಂತ: ರಕ್ತ ಕೊಡುವ ದಿನವೇ ತೂಕ, ಎತ್ತರ, ಸೊಂಟದ ಸುತ್ತಳತೆಗಳನ್ನು ಅಳೆದು ವರದಿಯ ಮೇಲೆಯೇ ಬರೆದಿಡಿ.

ಎರಡನೆಯ ಹಂತ: ಇತ್ತೀಚಿನ ಜ್ವರ, ಶಸ್ತ್ರಚಿಕಿತ್ಸೆ, ಗರ್ಭ, ಗರ್ಭನಿರೋಧಕ ಮಾತ್ರೆ, ರಕ್ತ ತೆಳುಗೊಳಿಸುವ ಔಷಧ ಇವುಗಳನ್ನೆಲ್ಲ ಮುಂಚೆಯೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೂರನೆಯ ಹಂತ: ಈ ಪರೀಕ್ಷೆಗಳಿಗೆ ಸೋಡಿಯಂ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬು ಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕದಲ್ಲಿ ಅದು ಸಿದ್ಧವಾಗಿರುವುದರಿಂದ, ಗೆರೆಯವರೆಗೆ ತುಂಬದಿದ್ದರೆ ಹೆಪ್ಪುಗಟ್ಟುವ ಸಮಯ ಸುಳ್ಳಾಗಿ ಹೆಚ್ಚು ಕಾಣುತ್ತದೆ. ತುಂಬಿದೊಡನೆ ಟ್ಯೂಬನ್ನು ಮೂರು-ನಾಲ್ಕು ಸಲ ಮೆಲ್ಲಗೆ ಮೇಲೆಕೆಳಗೆ ಮಾಡಬೇಕೇ ಹೊರತು ಕುಲುಕಬಾರದು. ವೈದ್ಯರು ಪಿಎಐ-1 ಎಂಬ ಪ್ರೋಟೀನಿನ ಪರೀಕ್ಷೆಯನ್ನೂ ಬರೆದಿದ್ದರೆ ಪ್ರತಿ ಸಲವೂ ಬೆಳಿಗ್ಗೆ ಒಂದೇ ಹೊತ್ತಿಗೆ ಕೊಡಿ, ಏಕೆಂದರೆ ಅದು ಮುಂಜಾನೆ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಡಿ-ಡೈಮರ್‌ನ ಏಕಮಾನದಲ್ಲಿ. ಕೆಲವು ಪ್ರಯೋಗಾಲಯಗಳು ಎಫ್‌ಇಯು (ಫೈಬ್ರಿನೊಜೆನ್ ಲೆಕ್ಕದ ಏಕಮಾನ) ಎಂದೂ ಇನ್ನು ಕೆಲವು ಡಿಡಿಯು (ಡಿ-ಡೈಮರ್ ಲೆಕ್ಕದ ಏಕಮಾನ) ಎಂದೂ ಬರೆಯುತ್ತವೆ; ಒಂದೇ ರಕ್ತಕ್ಕೆ ಎಫ್‌ಇಯು ಅಂಕಿ ಡಿಡಿಯುವಿನ ಸುಮಾರು ಎರಡರಷ್ಟಿರುತ್ತದೆ. ಮಿಲಿಲೀಟರಿಗೆ 500 ನ್ಯಾನೊಗ್ರಾಂ ಎಫ್‌ಇಯು, 0.5 ಮೈಕ್ರೊಗ್ರಾಂ ಎಫ್‌ಇಯು, ಸುಮಾರು 250 ನ್ಯಾನೊಗ್ರಾಂ ಡಿಡಿಯು, ಈ ಮೂರೂ ಒಂದೇ ಮಟ್ಟ. ಹೋದ ತಿಂಗಳು ಒಂದು ಕಡೆ 240, ಈ ತಿಂಗಳು ಇನ್ನೊಂದು ಕಡೆ 480 ಎಂದು ಬಂದರೆ ಏನೂ ಏರಿರದೆಯೂ ಇರಬಹುದು. ಹೋಲಿಸುವುದಾದರೆ ಒಂದೇ ಪ್ರಯೋಗಾಲಯದ ವರದಿಗಳನ್ನು ಮಾತ್ರ ಹೋಲಿಸಿ.

ಇನ್ನು ತೂಕದ ಮಾತು. ಪಿಎಐ-1 ಎಂಬುದು ಕಟ್ಟಿದ ಹೆಪ್ಪು ಕರಗುವುದನ್ನು ತಡೆಯುವ ಪ್ರೋಟೀನು. ಕೊಬ್ಬಿನ ಅಂಗಾಂಶವೂ ಅದನ್ನು ಸ್ರವಿಸುತ್ತದೆ, ಇನ್ಸುಲಿನ್ ಪ್ರತಿರೋಧವೂ (ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಅದನ್ನು ಏರಿಸುತ್ತದೆ. ಹೊಟ್ಟೆಯ ಕೊಬ್ಬು ಹೆಚ್ಚಾದಾಗ ಉರಿಯೂತದ ಸಂಕೇತಗಳಿಗೆ ಯಕೃತ್ತು ಹೆಚ್ಚು ಫೈಬ್ರಿನೊಜೆನ್ ತಯಾರಿಸುತ್ತದೆ. ಹೀಗೆ ತೂಕವೂ ಈ ಅಂಕಿಗಳನ್ನು ಏರಿಸುವುದರಿಂದಲೇ ಪಿಸಿಒಎಸ್ ಇರುವವರನ್ನು ಅವರಷ್ಟೇ ತೂಕದ ಇತರರೊಂದಿಗೆ ಹೋಲಿಸಿದಾಗ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ತೆಳ್ಳಗಿರುವವರಲ್ಲೂ ಇನ್ಸುಲಿನ್ ಪ್ರತಿರೋಧವಿರಬಹುದಾದ ಕಾರಣ ತೂಕದ ಯಂತ್ರವೊಂದೇ ಸಾಲದು, ಸುತ್ತಳತೆಯೂ ಸಕ್ಕರೆಯ ಪರೀಕ್ಷೆಯೂ ಜೊತೆಗಿರಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ, ಎಪಿಟಿಟಿ ಸರಿಯಿವೆ ಎಂದು ನಿಶ್ಚಿಂತರಾಗುವುದೂ ಬೇಡ. ಅವು ಮುಖ್ಯವಾಗಿ ರಕ್ತಸ್ರಾವದ ದೋಷ ಹುಡುಕುವ ಪರೀಕ್ಷೆಗಳು, ಪಿಎಐ-1 ಏರಿದ್ದನ್ನು ತೋರಿಸುವುದಿಲ್ಲ.

ಕೊನೆಯ ಹಂತ: ವರದಿ, ಅಳತೆ, ಔಷಧಗಳ ಪಟ್ಟಿಯನ್ನು ಒಟ್ಟಿಗೆ ವೈದ್ಯರ ಮುಂದಿಡಿ. ರಕ್ತ ತೆಳುವಾಗಲೆಂದು ಆಸ್ಪಿರಿನ್ ಅಥವಾ ಅಂಥದೇ ಗುಳಿಗೆಗಳನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಯಾವ ವರದಿಗೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.