ಎಂಸಿಬಿ ಬೀಳಲಿಲ್ಲ, ಪ್ಲಗ್ ಕರಗಿತ್ತು

ಹೀಟರ್ ಆಫ್ ಮಾಡಿ ಪ್ಲಗ್ ತೆಗೆಯಲು ಹೋದಾಗ ಬೆರಳು ಚುರ್ ಎಂದಿತು. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಸಾಕೆಟ್‌ನಿಂದ ಸುಟ್ಟ ವಾಸನೆ ಬರುತ್ತಿತ್ತು. ಆದರೂ ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನಾಗಿ ಆಫ್ ಆಗುವ ಸ್ವಿಚ್, ಬಿದ್ದಿರಲಿಲ್ಲ. ಲೋಡ್ ಜಾಸ್ತಿಯಾದರೆ ಅದು ಬೀಳಬೇಕು ಅಲ್ವಾ?

ಕೂತು ಲೆಕ್ಕ ಹಾಕಿದೆ. ಹೀಟರ್ 2000 ವ್ಯಾಟಿನದು. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಎಂಸಿಬಿ 16 ಆಂಪಿಯರಿನದು. ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಕೆಟ್ಟಿದ್ದು ಸಾಕೆಟ್ ಒಳಗೆ. ಪಿನ್ ಹಿಡಿಯುವ ಹಿತ್ತಾಳೆಯ ಹಿಡಿತ ಸಡಿಲವಾಗಿತ್ತು, ವೈರ್ ಕಚ್ಚುವ ಸ್ಕ್ರೂ ಕೂಡ. ಅಂಥ ಜಾಗದಲ್ಲಿ 0.2 ಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು, ಅಷ್ಟು ಕರೆಂಟಿಗೆ 15 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು, ಅದೂ ಬೆರಳ ತುದಿಯಷ್ಟು ಜಾಗದಲ್ಲಿ! ಬಿಸಿಗೆ ಹಿಡಿತ ಇನ್ನೂ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಏರುತ್ತದೆ. ಹೀಟರ್ ಎಳೆಯುವ ಕರೆಂಟ್ ಮಾತ್ರ ಹೆಚ್ಚುವುದಿಲ್ಲ. ಹಾಗಾಗಿ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿಗೂ ಅಷ್ಟೇ.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟ್ ಮಾಡಿಕೊಂಡೇ ಕೈ ಹಾಕಿದರು. ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿದೆವು. ಬರೀ ಒಂದನ್ನು ಬದಲಿಸಿದರೆ ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಹಾಳು ಮಾಡುತ್ತದೆ. ಶಾಖಕ್ಕೆ ಗಟ್ಟಿಯಾಗಿದ್ದ ವೈರ್ ತುದಿಯನ್ನು ಕತ್ತರಿಸಿ, ಒಳ್ಳೆಯ ತಾಮ್ರ ಕಾಣುವವರೆಗೆ ಹೊಸದಾಗಿ ಸುಲಿದು ಬಿಗಿದರು. ಜೊತೆಗೆ, ಹೆಚ್ಚು ಕರೆಂಟ್ ಎಳೆಯುವ ಗೀಸರ್‌ಗೆ ಮೇನ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಬೇರೆ ಲೈನ್ ಎಳೆಸಿದೆ.

ಹೇಗೂ ಬಂದಿದ್ದೀರಿ, ದೊಡ್ಡ ಎಂಸಿಬಿ ಹಾಕಿಸಿಬಿಡಿ ಎಂದು ಮನೆಯಲ್ಲೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. ವೈರ್ ಹಳೆಯದೇ ಇಟ್ಟು ಎಂಸಿಬಿ ದೊಡ್ಡದು ಮಾಡಿದರೆ, ಅದು ಬೀಳುವ ಮೊದಲೇ ವೈರ್ ಕಾದುಹೋಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್ ಹಾಕುವುದನ್ನೂ ಪೂರ್ತಿ ನಿಲ್ಲಿಸಿದೆ. ಸುತ್ತಿಟ್ಟ ತೆಳು ವೈರಿನಲ್ಲಿ ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ.

ಈಗ ಭಾರಿ ಲೋಡಿನ ಉಪಕರಣ ಅರ್ಧ ಗಂಟೆ ಓಡಿದ ಮೇಲೆ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡುತ್ತೇನೆ. ಸ್ವಲ್ಪ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಮತ್ತೆ ಆನ್ ಮಾಡುವುದಿಲ್ಲ. ಹೋದ ವಾರ ಇಸ್ತ್ರಿಪೆಟ್ಟಿಗೆಯ ಪ್ಲಗ್ ಒಂದೇ ಪಕ್ಕ ಬಿಸಿಯಾಗಿತ್ತು. ಬಿಚ್ಚಿದರೆ ನ್ಯೂಟ್ರಲ್ ಸ್ಕ್ರೂ ಅರ್ಧ ಸುತ್ತು ಸಡಿಲ.