ಬಿತ್ತನೆ ಭತ್ತದ ಜೊಳ್ಳು ತೆಗೆಯುವ ಬಗೆ

ಹೊರಗೆ ಸಿಪ್ಪೆಯಿದ್ದು ಒಳಗೆ ಅಕ್ಕಿ ಕಟ್ಟದ ಭತ್ತವೇ ಜೊಳ್ಳು. ಹೊಟ್ಟು ಬೇರೆ; ಅದು ಅಕ್ಕಿ ಮಾಡಿದ ಮೇಲೆ ಉಳಿಯುವ ಸಿಪ್ಪೆ. ಜೊಳ್ಳು ಹುಟ್ಟುವುದು ಗದ್ದೆಯಲ್ಲೇ. ಹೂವಾಡುವಾಗ ಬಿಸಿಲು 35 ಡಿಗ್ರಿ ದಾಟಿದರೆ, ಹೊಡೆಯಲ್ಲಿರುವಾಗ, ಅಂದರೆ ತೆನೆ ಇನ್ನೂ ಎಲೆಯ ಕವಚದೊಳಗೇ ಇರುವಾಗ, ಚಳಿ ಹೆಚ್ಚಾದರೆ ಪರಾಗ ಕೆಡುತ್ತದೆ. ಕಾಂಡಕೊರಕ ಹುಳು ಬಿದ್ದರೆ ತೆನೆಗೆ ತೆನೆಯೇ ಬೆಳ್ಳಗಾಗಿ ನೆಟ್ಟಗೆ ನಿಲ್ಲುತ್ತದೆ. ಕಾಳಿನೊಳಗೆ ಇನ್ನೂ ಹಾಲಿರುವಾಗ ಭತ್ತದ ತಿಗಣೆ ರಸ ಹೀರಿದರೂ ಜೊಳ್ಳೇ. ಭತ್ತ ಹೂ ಬಿಚ್ಚುವುದು ಬೆಳಗಿನ ಹೊತ್ತು, ಹಾಗಾಗಿ ಆಗ ಔಷಧಿ ಹೊಡೆಯಬೇಡಿ.

ಗಾಳಿಗೆ ತೂರಿದರೆ ಪೂರ್ತಿ ಜೊಳ್ಳು ಹಾರಿಹೋಗುತ್ತದೆ. ತೊಂದರೆ ಕೊಡುವುದು ಅರೆಬರೆ ತುಂಬಿದ ಕಾಳು. ಅದು ಮೊಳೆಯುತ್ತದೆ, ಆದರೆ ಸಸಿ ಬಡಕಲು. ಇದನ್ನು ಬೇರ್ಪಡಿಸಲು ಉಪ್ಪುನೀರೇ ಬೇಕು.

10 ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪು ಹಾಕಿ, ತಳದಲ್ಲಿ ಹರಳು ಉಳಿಯದಂತೆ ಕರಗಿಸಿ. ಕೋಳಿಮೊಟ್ಟೆ ಬಿಡಿ. ಅದು ತೇಲಿ, ಮೇಲೆ ರೂಪಾಯಿ ನಾಣ್ಯದಷ್ಟು ಅಗಲ ಕಾಣಿಸಿದರೆ ಹದ ಸರಿ. ಮೊಟ್ಟೆ ತಾಜಾ ಇರಬೇಕು. ಹಳೆಯದು ಬರೀ ನೀರಿನಲ್ಲೂ ತೇಲಿ ದಾರಿ ತಪ್ಪಿಸುತ್ತದೆ.

ಒಂದು ಸಲಕ್ಕೆ ನಾಲ್ಕೈದು ಕಿಲೋ ಬೀಜ ಸಾಕು. ಸುರಿದೊಡನೆ ಕೈಯಾಡಿಸಿ. ಸಿಪ್ಪೆಗೆ ಅಂಟಿದ ಗಾಳಿಗುಳ್ಳೆ ಬಿಡದಿದ್ದರೆ ಗಟ್ಟಿ ಕಾಳೂ ತೇಲುತ್ತದೆ, ಒಳ್ಳೆಯ ಬೀಜವನ್ನೇ ಚೆಲ್ಲಿದಂತಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ತೇಲಿದ್ದನ್ನು ಜರಡಿಯಲ್ಲಿ ಎತ್ತಿ, ಮುಳುಗಿದ್ದನ್ನು ತಡಮಾಡದೆ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಕುಂಠಿತ. ಅವಸರದಲ್ಲಿ ಬಹಳ ಮಂದಿ ತಪ್ಪುವುದು ಇಲ್ಲೇ. ಮುಂದಿನ ಕಂತಿಗೆ ಮೊದಲು ಮತ್ತೆ ಮೊಟ್ಟೆ ಬಿಟ್ಟು ನೋಡಿ. ಮುಳುಗಿದರೆ ಇನ್ನೊಂದು ಹಿಡಿ ಉಪ್ಪು ಸೇರಿಸಿ.

ರಾಶಿ ರಾಶಿ ತೇಲಿದರೆ ಬೀಜವೇ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಕಾಳಿನ ತುದಿಗೆ ಕೂದಲಿನಂಥ ಮೀಸೆಯಿರುವ ತಳಿಗಳಲ್ಲಿ, ಕೆಲವು ಸಣ್ಣಕಾಳಿನ ತಳಿಗಳಲ್ಲಿ ಹೀಗಾಗುತ್ತದೆ. ಉಪ್ಪು ಕಡಿಮೆ ಮಾಡಿ, ತೇಲಿದ ಹತ್ತಿಪ್ಪತ್ತು ಕಾಳು ಸುಲಿದು ನೋಡಿ. ಒಳಗೆ ಅಕ್ಕಿ ತುಂಬಿದ್ದರೆ ಮೊದಲಿನ ಹದ ಆ ತಳಿಗೆ ಹೆಚ್ಚಾಗಿತ್ತು.

ತೊಳೆದ ಬೀಜ 24 ಗಂಟೆ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆಯ ಮೂತಿ ಕಂಡೊಡನೆ ಸಸಿಮಡಿಗೆ ಚೆಲ್ಲಿ. ಬೇರು ಉದ್ದವಾದರೆ ಒಂದಕ್ಕೊಂದು ಹೆಣೆದು ಮುರಿಯುತ್ತವೆ.

ಪೊಟ್ಟಣದಲ್ಲಿ ಬರುವ, ಬಣ್ಣ ಹಾಕಿದ ಬೀಜಕ್ಕೆ ಇದು ಬೇಡ, ಲೇಪಿಸಿದ ಔಷಧಿ ತೊಳೆದುಹೋಗುತ್ತದೆ. ಮನೆಬೀಜದ ಜೊಳ್ಳನ್ನು ತೊಳೆದು ಕೋಳಿಗೆ ಹಾಕಬಹುದು. ಉಪ್ಪುನೀರನ್ನು ಮಾತ್ರ ಸಸಿಮಡಿಯತ್ತ ಹರಿಯಬಿಡಬೇಡಿ.